ಹಸು ಬಂತು, ಹುಡುಗಿ ಬರಲಿಲ್ಲ

ಎರಡನೇ ಸಲವೂ ಇಂಚರ ಮಾಯವಾಗಿದ್ದಳು.

ಯಳಂದೂರಿನ ಪುಟ್ಟಸಿದ್ದಯ್ಯ ತೊಳೆದ ರೀಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ರಾಮಾಪುರದ ಬಸ್ ನಿಲ್ದಾಣ ಬಂದಿತ್ತು. ಪಶು ಆಸ್ಪತ್ರೆಯ ಮುಂದೆ ಕಟ್ಟಿದ್ದ ಹಸು ಬಂದಿತ್ತು. ಮಾರನೆಯ ದಿನ ಕೊಳ್ಳೇಗಾಲದ ಮನೆಯಲ್ಲಿ ತೆಗೆದ ರೇಷ್ಮೆ ಮಗ್ಗವಂತೂ ಎಳೆ ಎಳೆಯಾಗಿ ಬಂದಿತ್ತು. ನಡುವೆ, ಇಂಚರ ಇರಬೇಕಾದ ಕಡೆ ಮಾತ್ರ ರೀಲು ಇದ್ದಿಲಿನಂತೆ ಕಪ್ಪಗಿತ್ತು. ಬೆಳಕು ನುಗ್ಗಿ ಸುಟ್ಟುಹೋಗಿತ್ತು.

"ತೂತು ಕ್ಯಾಮೆರಾನ ನನ್ನ ತಲೆಗೆ ಕಟ್ಬುಟ್ರಿ ಸಾ," ಎಂದ ಅವರಿಂದ ಆ ಹಳೇ ಕ್ಯಾಮೆರಾ ಕೊಂಡಿದ್ದ ಕೊಳ್ಳೇಗಾಲದ ನಿರಂಜನ್.

ಪುಟ್ಟಸಿದ್ದಯ್ಯನವರಿಗೆ ಮೈ ಉರಿಯಿತು. ಸ್ಟುಡಿಯೋ ಮುಚ್ಚಿದರೂ ಡಾರ್ಕ್ ರೂಮ್ ಉಳಿಸಿಕೊಂಡಿದ್ದ ಮನುಷ್ಯ ಅವರು. ಕೆಟ್ಟ ಮಾಲು ಮಾರಿದವನು ಅನ್ನಿಸಿಕೊಂಡು ಯಳಂದೂರಿನಲ್ಲಿ ತಲೆ ಎತ್ತುವುದು ಹೇಗೆ? ಮೊದಲ ಸಲ ಹೀಗಾದಾಗ ಕ್ಯಾಮೆರಾದ ಹಿಂಬಾಗಿಲ ಅಂಚಿನಲ್ಲಿ ಬೆಳಕು ತಡೆಯುವ ಹಳೇ ಸ್ಪಂಜನ್ನೆಲ್ಲ ಕಿತ್ತು ಹೊಸದು ಅಂಟಿಸಿದ್ದರು. ಶಟರ್ ಬಿಚ್ಚಿ ನೋಡಿದ್ದರು. ತಮ್ಮದೇ ಒಂದು ರೀಲು ಹಾಕಿಕೊಂಡು ಊರೆಲ್ಲ ಸುತ್ತಿ ತೆಗೆದಿದ್ದರು. ಒಂದೇ ಒಂದು ಫೋಟೋ ಕೆಟ್ಟಿರಲಿಲ್ಲ. ಯಳಂದೂರಿನಲ್ಲಿ ಗುಂಡುಕಲ್ಲಿನಂತಿರುವ ಕ್ಯಾಮೆರಾಕ್ಕೆ ಕೊಳ್ಳೇಗಾಲಕ್ಕೆ ಹೋದರೆ ಮಾತ್ರ ರೋಗ.

ನಿರಂಜನ್‌ಗೆ ಕ್ಯಾಮೆರಾದ ಚಿಂತೆಗಿಂತ ಹೆಣ್ಣಿನ ಚಿಂತೆ. ಇಂಚರ ರಾಮಾಪುರದ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಹಳೇ ಕ್ಯಾಮೆರಾ ಕೊಂಡದ್ದನ್ನು ಅವಳ ಮುಂದೆ ಚೆನ್ನಾಗಿ ಕೊಚ್ಚಿಕೊಂಡು, ಅದೇ ಹುರುಪಿನಲ್ಲಿ ಮದುವೆಯ ಮಾತನ್ನೂ ತೆಗೆದಿದ್ದ. "ಅದ್ರಲ್ಲಿ ನನ್ನದೊಂದು ಫೋಟೋ ತೆಗ್ದು ತೋರ್ಸಿ, ಆಮೇಲೆ ಹೇಳ್ತೀನಿ," ಎಂದು ಅವಳು ನಕ್ಕಿದ್ದಳು. ಮೊದಲ ಸಲ ಹಸು ಬಂದು ಹುಡುಗಿ ಬಾರದಿದ್ದಾಗ ಅವಳ ಅಜ್ಜಿ ಪುಟ್ಟಮಾದಮ್ಮ ಮುಖ ಸಿಂಡರಿಸಿದ್ದರು. ಈಗಿನ ಸುದ್ದಿಯನ್ನು ಫೋನಿನಲ್ಲಿ ಕೇಳಿದವರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. "ಇದು ಅಪಸಕುನ ಕಣಪ್ಪ. ಇನ್ನೊಂದ್ ಸಲ ಇಂಗಾದ್ರೆ ಈ ಸಂಬಂದವೇ ಬ್ಯಾಡ."

ಪುಟ್ಟಸಿದ್ದಯ್ಯ ಕ್ಯಾಮೆರಾ ಎತ್ತಿಕೊಂಡರು. ಕೀಲಿನ ಹತ್ತಿರ ಕೆಂಪಗೊಂದು ಕಲೆ. ತುಕ್ಕಿರಬೇಕು ಎಂದು ಹೆಬ್ಬೆರಳಲ್ಲಿ ಒರೆಸಿದರು. ಮೂಗಿನ ಹತ್ತಿರ ಹಿಡಿದರು.

"ಜಿರಲೆ ಬರ್ದಂಗೆ ಕರ್ಪೂರ ಗಿರ್ಪೂರ ಇಟ್ಟಿದ್ಯೇನಪ್ಪ?"

"ಇಲ್ವಲ್ಲ ಸಾ."

ಅವರು ಮತ್ತೆ ರೀಲು ನೋಡಿದರು. ಕ್ಯಾಮೆರಾ ತೂತಾಗಿದ್ದರೆ ಎಲ್ಲವೂ ಸುಡಬೇಕಿತ್ತು. ಮೊದಲು ತೆಗೆದ ಹಸು ಸುರುಳಿಯ ಒಳಸುತ್ತಿನಲ್ಲಿ ಅಡಗಿ ಬದುಕಿಕೊಂಡಿದೆ. ಮೇಲಿನ ಸುತ್ತಿನಲ್ಲಿದ್ದ ಹುಡುಗಿ ಸುಟ್ಟಿದ್ದಾಳೆ. ಆಮೇಲೆ ತೆಗೆದ ಮಗ್ಗಕ್ಕೆ ಏನೂ ಆಗಿಲ್ಲ.

"ಯಾರೋ ನಡುವೆ ಇದ್ರ ಬಾಗ್ಲು ತೆಗ್ದವ್ರೆ. ರಾಮಾಪುರದಿಂದ ಬಂದ್ಮೇಲೆ ಇದು ಎಲ್ಲಿತ್ತು?"

"ನಮ್ಮನೇಲಿ."

"ಮನೇಲಿ ಯಾರ್ ಯಾರವ್ರೆ?"

"ನಾನು, ನಮ್ಮಮ್ಮ. ಇಬ್ರೇ."

ಅಂದಾಗಲೇ ನಿರಂಜನ್‌ಗೆ ಒಂದೊಂದಾಗಿ ನೆನಪಾಯಿತು. ಅಮ್ಮ ವಿಜಯಮ್ಮ ಈ ಹುಡುಗಿಯ ಬಗ್ಗೆ ಇಷ್ಟು ದಿನವಾದರೂ ಹೂಂ ಎಂದಿರಲಿಲ್ಲ, ಉಹೂಂ ಎಂದಿರಲಿಲ್ಲ. ಕ್ಯಾಮೆರಾ ತಂದ ದಿನವೇ, "ಇದ್ರ ಬಾಗ್ಲು ಯಾವ್ದೋ?" ಎಂದು ಕೇಳಿದ್ದರು. ಅವನೇ ಗುಂಡಿ ಎಳೆದು ತೋರಿಸಿದ್ದ. ರಾಮಾಪುರದಿಂದ ಬಂದಾಗಲೆಲ್ಲ ಅವರದು ಒಂದೇ ಪ್ರಶ್ನೆ. "ಹುಡ್ಗಿ ಇದ್ರೊಳ್ಗವ್ಳಾ?" ಇದ್ದಾಳೆ ಎಂದರೆ, "ಅದ್ನ ಒಳಕ್ಕೆ ತರ್ಬೇಡ. ಜಗಲಿ ಮೇಲೆ ಇಟ್ಟು, ಹಿತ್ಲಿಗೋಗಿ ಕೈಕಾಲು ತೊಳ್ಕೊ." ಹಸು ಸಗಣಿಯ ಅಸಹ್ಯಕ್ಕೆ ಎಂದುಕೊಂಡಿದ್ದ. ಚಿತ್ರದಲ್ಲಿ ಕೂಡ ಆ ಹುಡುಗಿ ಹೊಸಿಲು ದಾಟುವುದು ಅಮ್ಮನಿಗೆ ಬೇಡ ಎಂದು ಈಗ ಹೊಳೆಯಿತು. ಹೆತ್ತವ್ವನೇ ಹೀಗೆ ಮಾಡಿದರೆ ಯಾರಿಗೆ ಹೇಳುವುದು? ಅವನಿಗೆ ಅಳುವೇ ಬಂತು.

ಮುಂದಿನ ಭಾನುವಾರ ರಾಮಾಪುರದಲ್ಲಿ ಮೂರನೇ ಸಲ ಫೋಟೋ ತೆಗೆದ. ಮೊದಲು ಲೆನ್ಸಿನ ಮುಚ್ಚಳ ತೆಗೆಯುವುದನ್ನೇ ಅವನು ಮರೆತದ್ದನ್ನು ಇಂಚರ ಕಂಡು ಬಾಯಿ ಬಿಡಿಸಿದಳು.

"ಸರಿ, ಈ ಸಲ ನಾನೂ ಬತ್ತೀನಿ ನಡೀರಿ," ಎಂದಳು. "ನನ್ನ ಸುಡೋರು ಯಾರು ಅಂತ ಕಣ್ಣಾರೆ ನೋಡ್ಬೇಕು."

ಕೊಳ್ಳೇಗಾಲದಲ್ಲಿ ನಿರಂಜನ್ ಮನೆಯ ಬೀದಿಯ ತುದಿಯಲ್ಲಿ, ಮೊದಲೇ ಮಾತಾಡಿಕೊಂಡಂತೆ, ಪುಟ್ಟಸಿದ್ದಯ್ಯ ಪೊಲೀಸರ ಗತ್ತಿನಲ್ಲಿ ಕಾಯುತ್ತಿದ್ದರು. ಅವರೂ ಇಂಚರಳೂ ಎದುರು ಮನೆಯ ಗೋಡೆಯ ಮರೆಗೆ ನಿಂತರು. ನಿರಂಜನ್ ಮನೆ ಮುಂದೆ ಹೋದ. ವಿಜಯಮ್ಮ ಬಾಗಿಲಿಗೆ ಬಂದರು.

"ಹುಡ್ಗಿ ಒಳ್ಗವ್ಳಾ?"

"ಅವ್ಳೆ ಕಣಮ್ಮ."

"ಇಲ್ಲೇ ಇಟ್ಟು ಕೈಕಾಲು ತೊಳ್ಕೊ ಓಗು."

ಅವನು ಹಿತ್ತಿಲಿನಿಂದ ಓಣಿ ಸುತ್ತಿ ಬಂದು ಗೋಡೆಯ ಮರೆ ಸೇರಿಕೊಂಡ. ವಿಜಯಮ್ಮ ಬೀದಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಒಳಗೆ ಹೋಗಿ ಸೆರಗಿನಡಿ ಏನನ್ನೋ ಮುಚ್ಚಿಕೊಂಡು ಬಂದರು. ಇವರಿಗೆ ಬೆನ್ನು ಹಾಕಿ ಕುಳಿತರು. ಗುಂಡಿ ಎಳೆದ ಸದ್ದಾಯಿತು. ಆಮೇಲೆ ಬೆಂಕಿಕಡ್ಡಿ ಗೀರಿದ ಸದ್ದು.

"ಅಯ್ಯಯ್ಯೋ, ಕ್ಯಾಮೆರಾನೇ ಸುಡ್ತಾವ್ರೆ!" ಪುಟ್ಟಸಿದ್ದಯ್ಯ ಪಂಚೆ ಎತ್ತಿಕೊಂಡು ನುಗ್ಗಿದರು. ಹಿಂದೆಯೇ ಉಳಿದಿಬ್ಬರು.

"ಅವ್ಳು ಏನು ಮಾಡಿದ್ಲಮ್ಮ ನಿಂಗೆ?" ನಿರಂಜನ್ ಕೂಗಿಕೊಂಡ.

ವಿಜಯಮ್ಮ ಬೆಚ್ಚಿ ತಿರುಗಿದರು. ಕೈಯಲ್ಲಿ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಕುಂಕುಮ ಕಲೆಸಿದ ಕೆಂಪು ನೀರು, ನಡುವೆ ವೀಳ್ಯದೆಲೆಯ ಮೇಲೆ ಕರ್ಪೂರ ಉರಿಯುತ್ತಿತ್ತು.

"ಏನ್ ಮಾಡಿದ್ಲು ಅಂದ್ರೆ? ಮದ್ವೆ ಮಾತು ಮುಗ್ಯೋ ತಂಕ ಬೀದಿಯೋರ ಕಣ್ಣಿಗೆ ಬೀಳ್ಬಾರ್ದು ಅಂತ ಕದ್ದು ಮಾಡ್ದೆ ಕಣೋ," ಎಂದರು ಅವರು ಮುಖ ಕೆಂಪಗೆ ಮಾಡಿಕೊಂಡು. "ಮನೆಗೆ ಬರೋ ಸೊಸೆಗೆ ಆರತಿ ಎತ್ತದೆ, ಬಾಗ್ಲು ಮುಚ್ಚಿ ಕೂರ್ಸಿ ಅಂಗೇ ಒಳಕ್ಕೆ ಕರ್ಕಳಕಾಯ್ತದಾ?"

ಇಂಚರ ಚಪ್ಪಲಿ ಬಿಟ್ಟು ಹೊಸಿಲ ಮುಂದೆ ಬಂದು ನಿಂತಳು. "ಅಜ್ಜಿಗೆ ನಾನೇ ಹೇಳ್ತೀನಿ. ಕರ್ಪೂರ ಆರೋಕ್ ಮುಂಚೆ ನಂಗೇ ಎತ್ಬುಡಿ, ಅತ್ತೆ."