ಹಸಿರು ಶಾಯಿಯ ಪದ

“ಈ ‘ಡೆಲ್ವ್’ ಅನ್ನೋ ಪದ ನಿಂಗ್ಯಾರು ಹೇಳ್ಕೊಟ್ರು? ಎಐ ತಾನೆ? ಅದು ಬರ್ದಿದ್ರಲ್ಲೆಲ್ಲ ಇದೇ ಪದ!” ಎಂದು ಕೇಳಿ ಇಂಗ್ಲಿಷ್ ಉಪನ್ಯಾಸಕಿ ಯಮುನಾ ಪ್ರಬಂಧವನ್ನು ಮೇಜಿನ ಆಚೆಗೆ ತಳ್ಳಿದರು. ಆ ಪದಕ್ಕೆ ಕೆಂಪು ಶಾಯಿಯ ಸುತ್ತು ಬಿದ್ದಿತ್ತು. ಮಲ್ಲೇಶ್ವರಂ ಮಾರ್ಕೆಟ್ಟಿನ ಹೂವಾಡಗಿತ್ತಿಯರ ಬಗ್ಗೆ ಆರಾಧನಾ ಮೂರು ವಾರ ಅಲೆದು ಬರೆದ ಪ್ರಬಂಧ ಅದು.

ಅವಳು ಚೀಲದಿಂದ ಬ್ರೌನ್ ಪೇಪರ್ ಹೊದಿಸಿದ ನೋಟ್‌ಬುಕ್ ತೆಗೆದು ಬಿಡಿಸಿಟ್ಟಳು. “ಶೀನಣ್ಣ ಮೇಷ್ಟ್ರು, ಮ್ಯಾಮ್. ಹದಿನೈದನೇ ಕ್ರಾಸಲ್ಲಿ ಟ್ಯೂಷನ್ ಮಾಡ್ತಿದ್ರು. ದಿನಕ್ಕೊಂದು ಪದ. ಹೋದ್ವರ್ಷ ತೀರ್ಕೊಂಡ್ರು.” ಪುಟದ ಮೇಲ್ತುದಿಯಲ್ಲಿ ಹಸಿರು ಶಾಯಿಯಲ್ಲಿ ಬರೆದಿತ್ತು: ಡೆಲ್ವ್ ಅಂದರೆ ಅಗೆಯುವುದು, ಒಂದು ವಿಷಯದ ಆಳಕ್ಕಿಳಿದು ಹುಡುಕುವುದು. ಕೆಳಗೆ ಆರಾಧನಾ ಬರೆದ ಐದು ವಾಕ್ಯಗಳಿದ್ದವು. ಐದಕ್ಕೂ ಹಸಿರು ರೈಟ್ ಬಿದ್ದಿತ್ತು.

ಯಮುನಾ ಆ ಹಸಿರನ್ನೇ ನೋಡುತ್ತ ಕೂತರು. ಇಪ್ಪತ್ತೆರಡು ವರ್ಷದ ಹಿಂದೆ ತಾವೂ ಅದೇ ಟ್ಯೂಷನ್ನಿಗೆ ಹೋಗುತ್ತಿದ್ದಾಗ, ನಾಲ್ಕೇ ವಾಕ್ಯ ಬರೆದುಕೊಂಡು ಹೋದ ದಿನ ಮೇಷ್ಟ್ರು ಅವರನ್ನು ಜಗಲಿಯ ಮೇಲೇ ನಿಲ್ಲಿಸಿದ್ದರು. ಐದನೆಯದನ್ನು ಬಾಯಲ್ಲಿ ಹೇಳಿದ ಮೇಲೆಯೇ ಒಳಗೆ ಬಿಟ್ಟಿದ್ದರು.

“ನಾನು ನಂಬ್ತೀನಿ ಆರಾಧನಾ. ಕಾಪಿ ಚೆಕ್ ಮಾಡೋ ಕಮಿಟಿಯವ್ರು ನಂಬಲ್ಲ,” ಎಂದರು ಯಮುನಾ, ತಲೆ ಎತ್ತದೆ. “ಅದನ್ನ ತೆಗ್ದು ಸುಲಭದ್ದೇನಾದ್ರೂ ಹಾಕ್ಬಿಡು.”

ಆರಾಧನಾ ನೋಟ್‌ಬುಕ್ಕಿನ ಮೊದಲ ಪುಟ ತಿರುವಿ ಅವರ ಮುಂದೆ ಸರಿಸಿದಳು. “ಇದ್ರಲ್ಲಿ ಇನ್ನೂ ನಾನೂರು ಪದ ಇದಾವೆ ಮ್ಯಾಮ್. ಯಾವ್ಯಾವ್ದು ಬಳಸ್ಬಾರ್ದು ಅಂತ ಗುರುತು ಹಾಕ್ಕೊಟ್ಬಿಡಿ.”

ಯಮುನಾ ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಪ್ರಬಂಧವನ್ನು ಮತ್ತೆ ಹತ್ತಿರಕ್ಕೆಳೆದು, ‘ಡೆಲ್ವ್’ ಪಕ್ಕದಲ್ಲೊಂದು ರೈಟ್ ಹಾಕಿದರು.