ಏಳನೇ ಚೀಟಿ

“ಹಾಲು ಕೊಡ್ತದಾ? ಮನೆನಾದ್ರೂ ಕಾಯ್ತದಾ?” ಕುಣಿಗಲ್ಲಿನ ಪಶು ಆಸ್ಪತ್ರೆಯ ಮುಂದೆ ಲಸಿಕೆಗೆಂದು ಹಸು ಹಿಡಿದು ನಿಂತಿದ್ದ ರಾಮಾಂಜಿನಯ್ಯ ಸಿಡುಕಿದರು. ರೂಪಶ್ರೀ ತನ್ನ ಪಗ್ ನಾಯಿಯನ್ನು ಅವುಚಿಕೊಂಡು, ಸಾಲಿನಲ್ಲಿದ್ದ ಹಸು ಎಮ್ಮೆಗಳನ್ನೆಲ್ಲ ದಾಟಿ ನೇರ ಬಾಗಿಲಿಗೇ ಬಂದಿದ್ದಳು. “ಬೆಳಗ್ಗಿಂದ ನಿಂತಿರೋ ನಾವು ಕಣ್ಣಿಗೆ ಕಾಣಾಕಿಲ್ವಾ? ಹಿಂದಕ್ಕೆ ಬಾಮ್ಮ!”

“ಇದಕ್ಕೆ ಉಸಿರಾಡೋಕೇ ಆಗ್ತಿಲ್ಲ ಅಂಕಲ್. ಅಂಗಡಿಗೆ ಹೋಗಿ ಬರೋಣ ಅಂತ ಹತ್ತೇ ನಿಮಿಷ ಕಾರಲ್ಲಿ ಬಿಟ್ಟಿದ್ದೆ...”

ರಾಮಾಂಜಿನಯ್ಯ ಬಗ್ಗಿ ನೋಡಿದರು. ಚಪ್ಪಟೆ ಮೂಗಿನ ಆ ಪುಟ್ಟ ಪ್ರಾಣಿ ನಾಲಗೆ ಚಾಚಿಕೊಂಡು ಗೊರಗೊರ ಅನ್ನುತ್ತಿತ್ತು. ಅವರ ಸಿಟ್ಟು ಇಳಿಯುವ ಬದಲು ಇನ್ನಷ್ಟು ಏರಿತು. “ಈ ಬಿಸ್ಲಲ್ಲಿ, ಗ್ಲಾಸ್ ಏರ್ಸಿರೋ ಕಾರಲ್ಲಾ? ಮೂಗೇ ನೆಟ್ಟಗಿಲ್ದಿರೋ ಜೀವ ಕಣಮ್ಮ ಇದು!” ಹೆಗಲ ಮೇಲಿನ ಟವೆಲ್ಲನ್ನು ಹಸುವಿಗೆಂದು ತಂದಿದ್ದ ನೀರಿನ ಬಕೆಟ್ಟಿನಲ್ಲಿ ಅದ್ದಿ ನಾಯಿಯ ಮೈಯೆಲ್ಲ ತೋಯಿಸಿದರು. ಹಸುವಿನ ಹಗ್ಗವನ್ನು ಅವಳ ಕೈಗೆ ತುರುಕಿ, ನಾಯಿಯನ್ನು ಕಸಿದುಕೊಂಡರು.

“ಏಳನೇ ಚೀಟಿ, ರಾಮಾಂಜಿನಯ್ಯ, ಹಸು!” ಕಾಂಪೌಂಡರ್ ಒಳಗಿನಿಂದ ಕೂಗಿದ. ಅವರು ನಾಯಿಯನ್ನೆತ್ತಿಕೊಂಡು ಒಳಗೆ ನುಗ್ಗಿದರು.

“ಹಸು ಎಲ್ರಿ ಯಜಮಾನ್ರೆ?” ಡಾಕ್ಟರು ಕೇಳಿದರು.

“ಅದಕ್ಕೆ ಉಸಿರಾಡಾಕೆ ಬರ್ತದೆ, ಕಾಯ್ತದೆ. ಮೊದ್ಲು ಇದನ್ನ ನೋಡಿ ಸ್ವಾಮಿ!”