ಭರಮಪ್ಪನ ಪ್ರಭಾರ ಭತ್ಯೆ

ನೀರಾವರಿ ಕಚೇರಿಯಲ್ಲಿ ಹುದ್ದೆಗೊಂದು ದನಿ. ಸಾಹೇಬರು ರಜೆಯಲ್ಲಿದ್ದ ಇಪ್ಪತ್ತು ದಿನ ಗುಮಾಸ್ತ ಭರಮಪ್ಪ ಅವರ ದನಿಯನ್ನು ಗಂಟಲಿಗೆ ಹಾಕಿಸಿಕೊಂಡು ಪ್ರಭಾರ ನೋಡಿಕೊಂಡಿದ್ದ. ಅವನು ಹೇಳಿದಾಗಲೆಲ್ಲ ಕಾಲುವೆಯ ಗೇಟುಗಳು ತೆರೆದಿದ್ದವು. ಭತ್ಯೆಯೆಂದು ಸಿಗುವುದು ಒಂದೇ ವಾಕ್ಯ. ದನಿ ಒಪ್ಪಿಸಿದ ಮೇಲೆ ಅವನು ಆಡುವ ಮೊದಲ ಮಾತು ಸಾಹೇಬರ ದನಿಯಲ್ಲೇ ಬರುತ್ತದೆ, ಅದು ಆದೇಶ.

“‘ಹುಬ್ಬಳ್ಳಿಗೆ ವರ್ಗ ಮಾಡ್ರಿ’ ಅಂತ ಅಷ್ಟ ಅನ್ರಿ, ಮತ್ತೇನೂ ಒದರಬ್ಯಾಡ್ರಿ,” ಎಂದು ಆರು ವರ್ಷದಿಂದ ಹುಬ್ಬಳ್ಳಿಯಲ್ಲೇ ಉಳಿದಿದ್ದ ಹೆಂಡತಿ ನೀಲವ್ವ ಫೋನಿನಲ್ಲಿ ಹೇಳಿದ್ದಳು.

ದಾಖಲೆ ವಿಭಾಗದಲ್ಲಿ ದನಿ ಒಪ್ಪಿಸಿ, ರುಜು ಹಾಕಿ, ಭರಮಪ್ಪ ತುಟಿ ಬಿಗಿಹಿಡಿದು ಸಾಹೇಬರ ಕೋಣೆಯ ಬಾಗಿಲು ತಳ್ಳಿದ. ಇಪ್ಪತ್ತೆರಡು ವರ್ಷದ ರೂಢಿ ಕೇಳಬೇಕಲ್ಲ.

“ಒಳಗ ಬರಲೇನ್ರಿ, ಸಾಹೇಬ್ರ?”

ತನ್ನದಲ್ಲದ ಗಡಸು ದನಿ ಕೋಣೆ ತುಂಬಿತು.

“ಬಾರಪ್ಪ,” ಎಂದರು ಸಾಹೇಬರು, ಕಡತದಿಂದ ತಲೆಯೆತ್ತದೆ. “ಆದೇಶ ಆದಮ್ಯಾಲ ಬ್ಯಾಡ ಅನ್ನಾಕ ಬರ್ತದೇನು?”